ಗಣಿ ಖಾಲಿಯಾದ ಮೇಲೆ ಗುಂಡಿ ಮುಚ್ಚೋದು ಯಾರ ದುಡ್ಡಲ್ಲಿ?

ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಅಡ್ವಾನ್ಸ್ ಅಂದ್ರೇನು ಅಂತ ನಾನು ಹೇಳಬೇಕಾಗಿಲ್ಲ. ಮನೆಗೆ ಕಾಲಿಡೋ ಮುಂಚೆನೇ ಲಕ್ಷಗಟ್ಟಲೆ ಕೊಡಬೇಕು. ಖಾಲಿ ಮಾಡುವಾಗ ಓನರ್ ಬಂದು ಗೋಡೆ ನೋಡ್ತಾರೆ, ಪೇಂಟಿಂಗ್‌ಗೆ ಅಂತ ಒಂದಿಷ್ಟು ಹಿಡ್ಕೊಂಡು ಉಳಿದದ್ದು ವಾಪಸ್ ಕೊಡ್ತಾರೆ. ಎರಡು ರೂಮಿನ ಮನೆಗೇ ಇಷ್ಟು ಹುಷಾರಿ. ಹಾಗಾದ್ರೆ ಇಡೀ ಗುಡ್ಡವನ್ನೇ ಗುತ್ತಿಗೆಗೆ ತಗೊಂಡು, ಅಗೆದು, ಅದಿರು ಸಾಗಿಸಿ ಹೊರಡೋ ಗಣಿ ಕಂಪನಿ ಎಷ್ಟು ಅಡ್ವಾನ್ಸ್ ಇಡಬೇಕು? ಇವತ್ತಿನ ಮಾತು ಇದೇ.

ಮೊದಲು ಒಂದು ಗೊಂದಲ ಬಗೆಹರಿಸ್ಕೊಳ್ಳೋಣ. ಗಣಿ ಕಂಪನಿಯ ವಿಷಯದಲ್ಲಿ ‘ಭದ್ರತಾ ಹಣ’ ಮತ್ತು ‘ವಿಮೆ’ ಎರಡನ್ನೂ ಒಂದೇ ಅಂತ ತಿಳಿಯೋರು ಬಹಳ. ಎರಡೂ ಬೇರೆ. ವಿಮೆ ಇರೋದು ಆಗಬಹುದಾದ, ಆಗದೇನೂ ಇರಬಹುದಾದ ಘಟನೆಗೆ. ಸ್ಫೋಟ ಆಗಿ ಪಕ್ಕದ ಊರಿನ ಮನೆ ಬಿರುಕು ಬಿಟ್ಟರೆ, ವಿಷಕಾರಿ ರಾಸಾಯನಿಕ ಸೋರಿ ಜನರಿಗೆ ಹಾನಿಯಾದರೆ, ಅಂಥದ್ದಕ್ಕೆ. 1984ರ ಭೋಪಾಲ್ ದುರಂತದ ನಂತರ, 1991ರಲ್ಲಿ, ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಬಂತು. ಅಪಾಯಕಾರಿ ವಸ್ತುಗಳನ್ನು ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಬಳಸುವ ಉದ್ಯಮ ಈ ವಿಮೆ ಮಾಡಿಸಲೇಬೇಕು. ತೊಂದರೆಯಾದವರು ‘ತಪ್ಪು ಕಂಪನಿಯದೇ’ ಅಂತ ಸಾಬೀತು ಮಾಡಬೇಕಾಗಿಲ್ಲ, ತಕ್ಷಣದ ಪರಿಹಾರ ಸಿಗಬೇಕು ಅನ್ನೋದು ಅದರ ತಿರುಳು.

ಆದರೆ ಗಣಿ ಒಂದು ದಿನ ಮುಗಿಯೋದು ‘ಆಗಬಹುದು’ ಅನ್ನೋ ಮಾತಲ್ಲ. ಆಗೇ ಆಗುತ್ತೆ. ಅದಿರು ಖಾಲಿಯಾಗುತ್ತೆ, ಗುಂಡಿ ಉಳಿಯುತ್ತೆ, ಮಣ್ಣಿನ ರಾಶಿ ಉಳಿಯುತ್ತೆ. ಖಂಡಿತ ಬರೋ ಖರ್ಚಿಗೆ ವಿಮೆ ಸಾಲದು, ಮೊದಲೇ ಎತ್ತಿಟ್ಟ ದುಡ್ಡು ಬೇಕು. ಅದಕ್ಕೇ ನಿಯಮದಲ್ಲಿ ‘ಹಣಕಾಸು ಖಾತರಿ’ ಅಂತ ಬೇರೆಯದೇ ವ್ಯವಸ್ಥೆ ಇದೆ.

ಇದು ಹೇಗೆ ಕೆಲಸ ಮಾಡುತ್ತೆ? ಸಾಮಾನ್ಯವಾಗಿ ಬ್ಯಾಂಕ್ ಗ್ಯಾರಂಟಿ ರೂಪದಲ್ಲಿ. ಕಂಪನಿ ನೋಟಿನ ಕಂತೆ ತಂದು ಇಡೋದಿಲ್ಲ. ‘ಇವರು ಗಣಿಯನ್ನು ಸರಿಯಾಗಿ ಮುಚ್ಚದೇ ಇದ್ದರೆ ಇಷ್ಟು ಹಣ ನಾವು ಕೊಡ್ತೀವಿ’ ಅಂತ ಬ್ಯಾಂಕ್ ಬರೆದುಕೊಡುತ್ತೆ. ಕಂಪನಿ ದಿವಾಳಿಯಾದರೂ ಬ್ಯಾಂಕ್ ಇರುತ್ತಲ್ಲ, ಅದೇ ಇದರ ಶಕ್ತಿ. ಕಬ್ಬಿಣ, ಮ್ಯಾಂಗನೀಸ್‌ನಂಥ ಪ್ರಮುಖ ಖನಿಜಗಳ ಗಣಿಗಳಲ್ಲಿ ಈ ನಿಯಮದ ಮೇಲೆ ಕಣ್ಣಿಡೋದು ಕೇಂದ್ರ ಸರ್ಕಾರದ ಇಂಡಿಯನ್ ಬ್ಯೂರೋ ಆಫ್ ಮೈನ್ಸ್.

ಈಗ ಲೆಕ್ಕಕ್ಕೆ ಬರೋಣ, ಅಸಲಿ ಕಥೆ ಇಲ್ಲೇ ಇರೋದು. 2003ರಲ್ಲಿ ಈ ನಿಯಮ ಬಂದಾಗ, ಯಂತ್ರ ಹೆಚ್ಚು ಬಳಸುವ ದೊಡ್ಡ ಗಣಿಗಳಿಗೆ, ಅಂದ್ರೆ ‘ಎ’ ವರ್ಗಕ್ಕೆ, ಬಳಕೆಯಲ್ಲಿರೋ ಪ್ರತಿ ಹೆಕ್ಟೇರ್‌ಗೆ 25,000 ರೂಪಾಯಿ. ‘ಬಿ’ ವರ್ಗಕ್ಕೆ 15,000. ಒಂದು ಹೆಕ್ಟೇರ್ ಅಂದ್ರೆ ಹತ್ತಿರ ಹತ್ತಿರ ಎರಡೂವರೆ ಎಕರೆ. 100 ಹೆಕ್ಟೇರ್ ಅಗೆದ ದೊಡ್ಡ ಕಂಪನಿಗೆ ಒಟ್ಟು 25 ಲಕ್ಷ. ಇವತ್ತು ಒಂದು ದೊಡ್ಡ ಕಾರಿಗೆ ಕೊಡೋ ದುಡ್ಡು! ಬಳ್ಳಾರಿಯಲ್ಲಿ ಅದಿರಿಗೆ ಚಿನ್ನದ ಬೆಲೆ ಬಂದು, ಹಗಲು ರಾತ್ರಿ ಲಾರಿಗಳು ಓಡಿದ್ದು ಇದೇ ದರ ಇದ್ದ ಕಾಲದಲ್ಲಿ ಅನ್ನೋದನ್ನ ನೆನಪಿಡಿ.

ಮುಂದೇನಾಯ್ತು ಗೊತ್ತೇ ಇದೆ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ, ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರಿನಲ್ಲಿ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ ತೀರ್ಪಿನಲ್ಲಿ, ಗುತ್ತಿಗೆಯ ಗಡಿ ದಾಟಿ ಅಗೆದ ಜಾಗಕ್ಕೆ ಹೆಕ್ಟೇರ್‌ಗೆ 5 ಕೋಟಿ, ಹೊರಗೆ ಮಣ್ಣು ಸುರಿದ, ರಸ್ತೆ ಮಾಡಿದ ಜಾಗಕ್ಕೆ ಹೆಕ್ಟೇರ್‌ಗೆ 1 ಕೋಟಿ ಪರಿಹಾರ ವಿಧಿಸಲಾಯ್ತು. ಇದು ಅಕ್ರಮಕ್ಕೆ ಹಾಕಿದ ಪರಿಹಾರ, ಗುಂಡಿ ಮುಚ್ಚೋ ಖರ್ಚು ಮಾತ್ರ ಅಲ್ಲ, ಹಾಗಾಗಿ ಎರಡನ್ನೂ ನೇರ ಹೋಲಿಸೋಕಾಗಲ್ಲ. ಆದರೂ 25,000 ಎಲ್ಲಿ, 5 ಕೋಟಿ ಎಲ್ಲಿ! ಗುಡ್ಡಕ್ಕೆ ಆದ ಗಾಯದ ಎದುರು ನಮ್ಮ ಅಡ್ವಾನ್ಸ್ ಎಷ್ಟು ಪುಟ್ಟದಾಗಿತ್ತು ಅಂತ ಇದರಿಂದ ಅಂದಾಜಾಗುತ್ತೆ.

ಆಮೇಲೆ ದರ ಏರಿತು. 2017ರ ನಿಯಮದಲ್ಲಿ 3 ಲಕ್ಷ ಮತ್ತು 2 ಲಕ್ಷ. 2021ರ ತಿದ್ದುಪಡಿಯಲ್ಲಿ ‘ಎ’ ವರ್ಗಕ್ಕೆ 5 ಲಕ್ಷ, ‘ಬಿ’ ವರ್ಗಕ್ಕೆ 3 ಲಕ್ಷ. ಅಂತಿಮ ಮುಚ್ಚುವಿಕೆ ಯೋಜನೆಯನ್ನು ಸಮಯಕ್ಕೆ ಸಲ್ಲಿಸದಿದ್ದರೆ ಭದ್ರತಾ ಹಣ ಮುಟ್ಟುಗೋಲು ಅಂತಲೂ ಸೇರಿಸಿದರು. ಹರಾಜಿನಲ್ಲಿ ಪಡೆದ ಗಣಿಗಳಿಗೆ ಲೆಕ್ಕ ಬೇರೆ: ಅಲ್ಲಿರೋ ಖನಿಜದ ಅಂದಾಜು ಮೌಲ್ಯದ ಶೇ 0.5ರಷ್ಟು ಕಾರ್ಯನಿರ್ವಹಣಾ ಭದ್ರತೆ ಕೊಡಬೇಕು.

ದರ ಏರಿದ್ದು ಒಳ್ಳೇದೇ. ಆದರೆ ನನಗೆ ಒಂದು ತಕರಾರಿದೆ. ಹೆಕ್ಟೇರ್‌ಗೆ ಇಷ್ಟು ಅನ್ನೋ ದರ ಜಾಗದ ಅಗಲ ನೋಡುತ್ತೆ, ಆಳ ನೋಡೋದಿಲ್ಲ. ಇನ್ನೊಂದರ ಲೆಕ್ಕ ಅದಿರಿನ ಬೆಲೆ ಮೇಲೆ. ಈ ಗುಂಡಿ ಮುಚ್ಚೋಕೆ ನಿಜವಾಗಿ ಎಷ್ಟು ಬೇಕು ಅನ್ನೋ ಪ್ರಶ್ನೆಯಿಂದ ಎರಡೂ ಶುರುವಾಗೋದಿಲ್ಲ.

ದುಡ್ಡು ಎತ್ತಿಡದೇ ಇದ್ದರೆ ಏನಾಗುತ್ತೆ ಅಂತ ನೋಡೋಕೆ ಕೆಜಿಎಫ್‌ಗೆ ಹೋಗಿ. 1880ರಿಂದ ಚಿನ್ನ ತೆಗೆದ ಊರು. ನಷ್ಟದಲ್ಲಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕ್ತು. ಆಗ ಹಣಕಾಸು ಖಾತರಿಯ ಈ ನಿಯಮವೇ ಇರಲಿಲ್ಲ. ಮಾಲೀಕ ಯಾರು? ಸ್ವತಃ ಕೇಂದ್ರ ಸರ್ಕಾರ. ಕಂಪನಿ ಮುಚ್ಚಿತು, ಸೈನೈಡ್ ದಿಬ್ಬಗಳು ಹಾಗೇ ನಿಂತವು. ಗಾಳಿ ಬೀಸಿದರೆ ಆ ಧೂಳು ಮನೆಯೊಳಗೆ ಬರುತ್ತೆ. ಸಂಬಳ ನಿಂತ ಜನರೇ ಆ ಧೂಳನ್ನೂ ಗುಡಿಸಬೇಕು.

ಇನ್ನು ನಿಮ್ಮೂರ ಪಕ್ಕದ ಜಲ್ಲಿ ಕ್ವಾರಿ? ಕಟ್ಟಡದ ಕಲ್ಲು ‘ಉಪಖನಿಜ’. ನಾನು ಹೇಳಿದ 5 ಲಕ್ಷದ ಕೇಂದ್ರ ದರ ಅದಕ್ಕೆ ಅನ್ವಯಿಸೋದಿಲ್ಲ, ಅದರ ನಿಯಮ ಮಾಡೋದು ರಾಜ್ಯ ಸರ್ಕಾರ. ಮಳೆ ನೀರು ತುಂಬಿದ ಹಳೇ ಕ್ವಾರಿ ಗುಂಡಿಯಲ್ಲಿ ಈಜೋಕೆ ಹೋದ ಹುಡುಗರ ಸುದ್ದಿ ಓದಿದಾಗೆಲ್ಲ ನನಗೆ ಅನ್ಸೋದು ಒಂದೇ: ಅಗೆಯೋಕೆ ಅನುಮತಿ ಕೊಟ್ಟ ದಿನ, ಮುಚ್ಚೋಕೆ ಬೇಕಾದ ಹಣ ಎಲ್ಲಿದೆ ಅಂತ ಯಾರಾದ್ರೂ ಕೇಳಿದ್ರಾ?

ಕೇಳೋ ಹಕ್ಕು ನಮಗಿದೆ. ದೊಡ್ಡ ಗಣಿ ಬರೋ ಮುಂಚೆ ಪರಿಸರ ಅನುಮತಿಗಾಗಿ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತೆ. ಈಗಾಗಲೇ ನಡೀತಿರೋ ಗಣಿಗೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಮೂರೇ ಪ್ರಶ್ನೆ ಸಾಕು. ಭದ್ರತಾ ಹಣ ಎಷ್ಟು? ಬ್ಯಾಂಕ್ ಗ್ಯಾರಂಟಿ ಅವಧಿ ಎಂದಿನವರೆಗೆ? ಅಗೆದ ಜಾಗ ಹೆಚ್ಚಾದ ಹಾಗೆ ಮೊತ್ತವೂ ಹೆಚ್ಚಾಗಿದೆಯಾ?

ಬಾಡಿಗೆದಾರರು ಅಡ್ವಾನ್ಸ್ ಇಡದೇ ಹೋದರೆ ಪೇಂಟ್ ದುಡ್ಡು ಓನರ್ ಜೇಬಿಂದಲೇ ಹೋಗುತ್ತೆ. ಇಲ್ಲಿ ಗುಡ್ಡದ ಓನರ್ ನಾವೇ. ಮುಂದಿನ ಸಂಚಿಕೆಯಲ್ಲಿ ಸಿಗೋಣ.