ಹೈನು ಬಿಟ್ಟ ಊಟ

‘ಶುದ್ಧ ಸಸ್ಯಾಹಾರ’ ಎಂಬ ಹಲಗೆಯನ್ನು ನೀವು ಎಷ್ಟೋ ಹೋಟೆಲುಗಳ ಬಾಗಿಲಲ್ಲಿ ಕಂಡಿದ್ದೀರಿ. ಒಳಗೆ ಹೋಗಿ ಕುಳಿತರೆ ದೋಸೆಯ ಮೇಲೆ ಬೆಣ್ಣೆ, ಪೊಂಗಲಿನ ತುಂಬ ತುಪ್ಪ, ಕೊನೆಗೊಂದು ಲೋಟ ಕಾಫಿ. ಇವು ಸಸ್ಯದಿಂದ ಬಂದುವಲ್ಲವೆಂಬುದು ನಮಗೆ ನೆನಪಿಗೇ ಬಾರದು. ಹಾಲು ನಮ್ಮ ಸಸ್ಯಾಹಾರದೊಳಗೆ ಅಷ್ಟು ಕಲೆತುಹೋಗಿದೆ. ಹೀಗಿರುವಾಗ ಮನೆಯ ಮಗನೋ ಸೊಸೆಯೋ ಒಂದು ದಿನ ‘ನಾನಿನ್ನು ವೀಗನ್’ ಎಂದರೆ ಹಿರಿಯರು ಗಾಬರಿಗೊಳ್ಳುವುದು ಸಹಜವೇ.

ಈ ಮಾತು ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಮಾಂಸದ ಜೊತೆಗೆ ಹಾಲನ್ನೂ ಮೊಟ್ಟೆಯನ್ನೂ ತೊರೆದ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು ತಮ್ಮದೇ ಒಂದು ಸಂಘವನ್ನು ಕಟ್ಟಿದರು. ‘ವೆಜಿಟೇರಿಯನ್’ ಎಂಬ ಶಬ್ದದ ತಲೆಯನ್ನೂ ಬಾಲವನ್ನೂ ಜೋಡಿಸಿ ಹೆಸರಿಟ್ಟುಕೊಂಡರು. ಕನ್ನಡದಲ್ಲಿ ಇದಕ್ಕೆ ಸಂಸ್ಕೃತದ ಉದ್ದನೆಯ ಸಮಾಸವೊಂದನ್ನು ಹೊಸೆಯುವ ಅಗತ್ಯವಿಲ್ಲ. ‘ಹೈನು’ ಎಂಬ ನಮ್ಮ ಹಳ್ಳಿಯ ಮಾತು ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಇಷ್ಟನ್ನೂ ಒಂದೇ ಉಸಿರಿಗೆ ಹೇಳಿಬಿಡುತ್ತದೆ. ಹೈನು ಬಿಟ್ಟ ಊಟ ಎಂದರೆ ಸಾಕು. ಜೇನನ್ನೂ ಇವರು ಬಿಡುತ್ತಾರೆಂಬುದನ್ನು ಮಾತ್ರ ನೆನಪಿಡಬೇಕು.

ಅಡುಗೆಮನೆಯನ್ನು ಒಮ್ಮೆ ನೋಡಿರಿ. ಇಡ್ಲಿ, ನೀರುದೋಸೆ, ಅಕ್ಕಿರೊಟ್ಟಿ, ಮುದ್ದೆ, ಸೊಪ್ಪಿನ ಹುಳಿ, ಹುರುಳಿಕಟ್ಟಿನ ಸಾರು, ಕೋಸಂಬರಿ, ಚಿತ್ರಾನ್ನ, ಜೋಳದ ರೊಟ್ಟಿ, ಹುಚ್ಚೆಳ್ಳು ಚಟ್ನಿ: ಒಗ್ಗರಣೆಗೆ ತುಪ್ಪದ ಬದಲು ಎಣ್ಣೆ ಹಾಕಿದರೆ ಇವಾವುದಕ್ಕೂ ಹೈನು ಬೇಕಿಲ್ಲ. ತೊಡಕಿರುವುದು ಕಣ್ಣಿಗೆ ಕಾಣದ ಕಡೆ. ರವೆ ಇಡ್ಲಿಯಲ್ಲಿ ಮೊಸರಿರುತ್ತದೆ. ಬಿಸ್ಕತ್ತು, ಬ್ರೆಡ್ಡುಗಳಲ್ಲಿ ಹಲವು ವೇಳೆ ಹಾಲಿನ ಪುಡಿ ಇರುತ್ತದೆ. ಮೈಸೂರುಪಾಕಿನ ವಿಷಯ ಹೇಳಬೇಕಾಗಿಯೇ ಇಲ್ಲ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನಂಬಿ ಕೂಡಬೇಡಿರಿ. ಹಾಲೂ ಜೇನೂ ಆ ಚುಕ್ಕೆಯೊಳಗೇ ಬರುತ್ತವೆ. ಹೈನಿಲ್ಲದ ಆಹಾರಕ್ಕೆಂದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2021ರಲ್ಲಿ ಬೇರೊಂದು ಗುರುತನ್ನು ಪ್ರಕಟಿಸಿತು.

ಎಲ್ಲಕ್ಕಿಂತ ಕಷ್ಟವಾದುದು ಬೆಳಗಿನ ಕಾಫಿ. ಸೋಯಾ ಹಾಲನ್ನು ಕುದಿಯುವ ಡಿಕಾಕ್ಷನ್ನಿಗೆ ಸುರಿದರೆ ಅದು ಒಡೆಯುತ್ತದೆ. ಡಿಕಾಕ್ಷನ್ನಿನ ಹುಳಿ ಮತ್ತು ಬಿಸಿ ಎರಡೂ ಕಾರಣ. ಹಾಲನ್ನು ಮೊದಲು ಬಿಸಿಮಾಡಿಕೊಂಡು, ಕೊಂಚ ಆರಿದ ಡಿಕಾಕ್ಷನ್ನನ್ನು ಅದಕ್ಕೆ ಸ್ವಲ್ಪಸ್ವಲ್ಪವಾಗಿ ಬೆರೆಸಬೇಕು. ಕಡಲೆಕಾಯಿಬೀಜವನ್ನು ನೆನೆಸಿ, ರುಬ್ಬಿ, ಸೋಸಿ, ಕಾಯಿಸಿ ಹೆಪ್ಪು ಹಾಕಿದರೆ ಮೊಸರಿನಂಥದೊಂದು ಆಗುತ್ತದೆ. ಹುಳಿ ಬರುತ್ತದೆ, ಕಡಲೆಕಾಯಿಯ ವಾಸನೆ ಹೋಗುವುದಿಲ್ಲ. ಮೊಸರನ್ನದ ಆಸೆಯುಳ್ಳವರು ಇದರಿಂದ ತೃಪ್ತರಾಗುವರೆಂದು ನಾನು ಹೇಳಲಾರೆ. ಮಜ್ಜಿಗೆಹುಳಿಗೆ ಮಾತ್ರ ಸಾಲುತ್ತದೆ.

ಹಾಲು ಬಿಟ್ಟರೆ ಸುಣ್ಣದ ಅಂಶಕ್ಕೆ ಏನು ಗತಿ ಎಂದು ತಾಯಂದಿರು ಕೇಳುವುದುಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಹೇಳಿದಂತೆ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಒಂದು ದೊಡ್ಡ ಚಮಚ ಎಳ್ಳಿನಲ್ಲಿ 100ಕ್ಕೂ ಮಿಗಿಲು. ಹರಿವೆ, ನುಗ್ಗೆಸೊಪ್ಪುಗಳೂ ಒಳ್ಳೆಯವು. ತೆಂಗಿನ ಹಾಲನ್ನು ಮಾತ್ರ ಹಸುವಿನ ಹಾಲಿನ ಬದಲಿಯೆಂದು ಎಣಿಸಬೇಡಿರಿ. ಅದರಲ್ಲಿರುವುದು ಹೆಚ್ಚಾಗಿ ಕೊಬ್ಬು, ಸುಣ್ಣ ಅತ್ಯಲ್ಪ. ಪ್ರೋಟೀನಿಗೆ ಬೇಳೆಕಾಳುಗಳಿವೆ, ಆದರೆ ತಿಳಿಸಾರಿನಲ್ಲಿ ತೇಲುವ ನಾಲ್ಕು ಬೇಳೆಯಿಂದ ಕೆಲಸ ನಡೆಯದು. ಹೈನು ಬಿಟ್ಟವರು ಎರಡು ಹೊತ್ತೂ ಗಟ್ಟಿಯಾಗಿ ಕಾಳು ತಿನ್ನಬೇಕು. ಕೋಸಂಬರಿಗೆ ನಿಂಬೆ ಹಿಂಡುವ ನಮ್ಮ ಪದ್ಧತಿ ಸೊಗಸಾದುದು. ಆ ಹುಳಿಯಲ್ಲಿರುವ ಸಿ ಅನ್ನಾಂಗದಿಂದ ಕಾಳಿನ ಕಬ್ಬಿಣದ ಅಂಶ ಮೈಗೆ ಹಿಡಿಯುತ್ತದೆ. ಊಟವಾದೊಡನೆ ಕಾಫಿ, ಚಹ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ.

ಇಷ್ಟರವರೆಗಿನದನ್ನು ಜಾಣ ಗೃಹಿಣಿ ಒಲೆಯ ಮುಂದೆಯೇ ಸರಿಪಡಿಸಬಲ್ಲಳು. ಯಾವ ಅಡುಗೆಯಿಂದಲೂ ಸರಿಪಡಿಸಲಾಗದ ಸಂಗತಿಯೊಂದಿದೆ. ಅದು ಬಿ-12 ಎಂಬ ಅನ್ನಾಂಗ, ಎಂದರೆ ವಿಟಮಿನ್.

ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿ 1912ರಲ್ಲಿ ಹಾಲನ್ನು ತ್ಯಜಿಸಿದರು. 1918ರಲ್ಲಿ ಕಠಿಣವಾದ ಕಾಯಿಲೆ ಬಿದ್ದು ಮೇಲೇಳಲಾಗದಿದ್ದಾಗ, ವ್ರತವು ಹಸು ಎಮ್ಮೆಗಳ ಹಾಲಿಗೆ ಸಂಬಂಧಿಸಿದುದೆಂದು ಕಸ್ತೂರಬಾ ವಾದಿಸಿ, ಆಡಿನ ಹಾಲಿಗೆ ಅವರನ್ನು ಒಪ್ಪಿಸಿದರು. ಅವರ ಆ ಕಾಯಿಲೆ ಆಮಶಂಕೆ. ಬಿ-12ಕ್ಕೂ ಅದಕ್ಕೂ ಗಂಟು ಹಾಕಬಾರದು. ಆದರೆ ಗಿಡಮರಗಳಲ್ಲಿ ಹಾಲಿಗೆ ಸಮನಾದುದು ಏನಿದೆಯೆಂದು ಅವರು ಬಹುಕಾಲ ಹುಡುಕಿದರು. ಆಗ ಬಿ-12ರ ಹೆಸರನ್ನೇ ಯಾರೂ ಕೇಳಿರಲಿಲ್ಲ. ಅದನ್ನು ಬೇರ್ಪಡಿಸಿದ್ದು 1948ರಲ್ಲಿ.

ಇದನ್ನು ತಯಾರಿಸುವುದು ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ, ಕೆಲವು ಸೂಕ್ಷ್ಮಜೀವಿಗಳು. ಹಸುವಿನ ಹೊಟ್ಟೆಯಲ್ಲಿ ಅವು ಮಾಡಿದುದು ಹಾಲಿನ ಮೂಲಕ ನಮಗೆ ಬರುತ್ತದೆ. ಮಾಂಸ, ಮೊಟ್ಟೆ ಮೊದಲೇ ಇಲ್ಲದ ಮನೆಯಲ್ಲಿ ಬಿ-12 ಬರುತ್ತಿದ್ದ ಒಂದೇ ದಾರಿ ಹೈನು. ಅದನ್ನು ಬಿಟ್ಟರೆ ದಾರಿ ಪೂರ್ತಿ ಮುಚ್ಚಿತು. ಹುದುಗಿದ ಇಡ್ಲಿಹಿಟ್ಟಿನಿಂದ ಸಿಗುವುದೆಂದು ಕೆಲವರು ಹೇಳುತ್ತಾರೆ. ಅದನ್ನು ನೆಚ್ಚಬೇಡಿರಿ.

ಈ ಕೊರತೆ ಬೇಗ ತೋರುವುದಿಲ್ಲ. ಪಿತ್ತಜನಕಾಂಗದಲ್ಲಿ ಕೂಡಿಟ್ಟದ್ದು ಹಲವರಿಗೆ ಕೆಲವು ವರ್ಷ ಬರುತ್ತದೆ. ‘ವರ್ಷವಾಯಿತು, ನನಗೇನೂ ಆಗಿಲ್ಲ’ ಎಂಬ ಧೈರ್ಯ ಅದರಿಂದಲೇ. ಆಮೇಲೆ ಆಯಾಸ, ನಾಲಿಗೆ ಉರಿ, ಕೈಕಾಲು ಜೋಮು, ಮರೆವು, ನಡಿಗೆಯಲ್ಲಿ ತೂರಾಟ. ನರಗಳಿಗೆ ಬಹುಕಾಲ ಪೆಟ್ಟು ಬಿದ್ದರೆ ಅದು ಪೂರ್ಣ ವಾಸಿಯಾಗದೆಯೂ ಉಳಿಯಬಹುದು. ಬಸುರಿಯರು, ಮೊಲೆಯೂಡುವ ತಾಯಂದಿರು ವೈದ್ಯರನ್ನು ಕೇಳದೆ ಹೈನು ಬಿಡಲೇಕೂಡದು. ತಾಯಿಯಲ್ಲಿಲ್ಲದ ಬಿ-12 ಮೊಲೆಹಾಲಿನಲ್ಲಿಯೂ ಇರದು, ಕೂಸಿನ ಮಿದುಳಿನ ಬೆಳವಣಿಗೆಗೆ ಅದರಿಂದ ಕುಂದು ಬರುತ್ತದೆ. ಮಕ್ಕಳಿಗೂ ಇದೇ ಮಾತು.

ಆದುದರಿಂದ ಹೈನು ಬಿಡುವ ದಿನದಿಂದಲೇ ಬಿ-12 ಮಾತ್ರೆಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಆರಂಭಿಸಬೇಕು. ಸಾಧ್ಯವಾದರೆ ಮೊದಲೇ ಒಮ್ಮೆ ರಕ್ತಪರೀಕ್ಷೆ ಮಾಡಿಸಬೇಕು. ಇದರಿಂದ ನಿಯಮಕ್ಕೆ ಭಂಗವಿಲ್ಲ. ಮಾತ್ರೆಯಲ್ಲಿನ ಬಿ-12 ಕಾರ್ಖಾನೆಯಲ್ಲಿ ಬೆಳೆಸಿದ ಸೂಕ್ಷ್ಮಜೀವಿಗಳಿಂದಲೇ ಬಂದುದು. ಆದರೆ ಔಷಧದ ಅಂಗಡಿಯಲ್ಲಿ ಕ್ಯಾಪ್ಸೂಲು ಕೊಟ್ಟರೆ ಅದರ ಹೊರಚಿಪ್ಪು ಯಾವುದರದೆಂದು ವಿಚಾರಿಸಿರಿ. ಎಷ್ಟೋ ಚಿಪ್ಪುಗಳು ದನದ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್ನಿನವು. ಬಿಲ್ಲೆಯ ರೂಪದ ಮಾತ್ರೆಯನ್ನು ಕೇಳಿದರೆ ಕೊಡುತ್ತಾರೆ.