ಸಾಮ್ರಾಜ್ಯದ ಅಂಚಿನಲ್ಲೊಂದು ಗುಹಾಲಯ

ಕ್ರಿ.ಶ. 122ರಲ್ಲಿ ಚಕ್ರವರ್ತಿ ಹೇಡ್ರಿಯನನು ಕಟ್ಟಿಸತೊಡಗಿದ ಗಡಿಗೋಡೆಯು ಬ್ರಿಟನ್ನಿನ ಉತ್ತರದಲ್ಲಿ ಕಡಲಿನಿಂದ ಕಡಲಿಗೆ ಸುಮಾರು 117 ಕಿಲೋಮೀಟರು ಹಾಯ್ದುಹೋಗುವ ದಾರಿಯಲ್ಲಿ, ನಾರ್ಥಂಬರ್ಲೆಂಡಿನ ಬೋಳುದಿಣ್ಣೆಗಳ ನಡುವೆ, ಕ್ಯಾರಾಬ್ರಫ್ ಎಂಬ ಎಡೆಯೊಂದುಂಟು. ರೋಮನರು ಬ್ರೊಕೊಲಿಟಿಯಾ ಎಂದು ಕರೆದ ಇಲ್ಲಿನ ಕೋಟೆಯಲ್ಲಿ ಇಂದು ಉಳಿದಿರುವುದು ಹುಲ್ಲು ಹೊದ್ದ ದಿಬ್ಬಗಳು ಮಾತ್ರ. ಆದರೆ ಅದರ ನೈರುತ್ಯದ ತಗ್ಗಿನಲ್ಲಿ, ಜೌಗುನೆಲದ ಮಧ್ಯದಲ್ಲಿ, ಮಿಥ್ರಾಸ್ ದೇವನ ಪುಟ್ಟ ಆಲಯವೊಂದರ ತಳಗೋಡೆಗಳು ಸ್ಪಷ್ಟವಾಗಿ ನಿಂತಿವೆ.

1949ರ ಬೇಸಗೆಯಲ್ಲಿ ಅನಾವೃಷ್ಟಿಯಿಂದ ಜೌಗು ಒಣಗಿ ಕುಗ್ಗಲಾಗಿ, ಬಲಿಪೀಠಗಳ ನೆತ್ತಿಗಳು ಹೊರಕ್ಕೆ ಕಾಣಿಸಿಕೊಂಡುವು. ಮರುವರ್ಷ ಇಯಾನ್ ರಿಚ್ಮಂಡ್ ಮತ್ತು ಗಿಲ್ಲಮ್ ಎಂಬ ವಿದ್ವಾಂಸರು ನಡೆಸಿದ ಉತ್ಖನನದಿಂದ, ಕ್ರಿ.ಶ. 200ರ ಸುಮಾರಿಗೆ ಕಟ್ಟಲ್ಪಟ್ಟು, ಹಲವು ಸಲ ಜೀರ್ಣೋದ್ಧಾರಗೊಂಡ ಮಂದಿರವು ಬೆಳಕಿಗೆ ಬಂದಿತು. ಒಳಹೊಕ್ಕೊಡನೆ ಮುಖಮಂಟಪ, ಅದರಲ್ಲಿ ಒಂದು ಒಲೆ, ಪಕ್ಕದಲ್ಲಿ ಕಲ್ಲು ಕಟ್ಟಿದ ಒಂದು ಗುಳಿ, ಅದರಾಚೆ ನಡುವೆ ತಗ್ಗಾದ ಅಂಗಣ, ಎರಡು ಪಕ್ಕಗಳಲ್ಲಿ ನಮ್ಮ ಹಳೆಯ ಮನೆಗಳ ಜಗಲಿಯಂತೆ ಉದ್ದಕ್ಕೂ ಹಬ್ಬಿದ ಕಟ್ಟೆಗಳು, ಕೊನೆಯಲ್ಲಿ ದೇವಸನ್ನಿಧಿ. ದೇವನು ವೃಷಭವನ್ನು ವಧಿಸಿದ್ದು ಗುಹೆಯಲ್ಲಿ ಎಂಬುದು ಈ ಮತದ ನಂಬಿಕೆಯಾದುದರಿಂದ, ಕಟ್ಟಡವು ಸಹ ಗವಿಯಂತೆ ಕತ್ತಲಾಗಿರಬೇಕಿತ್ತು.

ಸನ್ನಿಧಿಯಲ್ಲಿ ದೊರೆತ ಮೂರು ಬಲಿಪೀಠಗಳನ್ನು ಅರ್ಪಿಸಿದವರು ಇಲ್ಲಿ ಕಾವಲಿದ್ದ ಬಟೇವಿಯನ್ ಪಡೆಯ ಮೂವರು ದಳಪತಿಗಳು. ಪಡೆಯ ಮೂಲ ರೈನ್ ನದೀಮುಖದ ನಾಡು. ಅರ್ಪಿಸಿದವರಲ್ಲೊಬ್ಬನಾದ ಔಲುಸ್ ಕ್ಲುಯೆಂಟಿಯುಸ್ ಹಾಬಿಟುಸನ ಊರು ಇಟಲಿಯ ಲಾರಿನುಮ್. ಇದೇ ಊರಿನ, ಇದೇ ಹೆಸರಿನ ವ್ಯಕ್ತಿಯೊಬ್ಬನ ಪರವಾಗಿ ಕ್ರಿ.ಪೂ. 66ರಲ್ಲಿ ಸಿಸೆರೋ ವಾದಿಸಿದ್ದನೆಂಬುದು ಇತಿಹಾಸಜ್ಞರಿಗೆ ತಿಳಿದ ಸಂಗತಿ. ಮಾರ್ಕುಸ್ ಸಿಂಪ್ಲಿಸಿಯುಸ್ ಸಿಂಪ್ಲೆಕ್ಸನು ಒಪ್ಪಿಸಿದ ಪೀಠದ ಮೇಲೆ ಸೂರ್ಯಸ್ವರೂಪನಾದ ಮಿಥ್ರಾಸನ ಮೂರ್ತಿಯಿದ್ದು, ಅವನ ಪ್ರಭಾವಳಿಯ ಕಿರಣಗಳನ್ನು ಕಲ್ಲಿನಲ್ಲಿ ಆರಪಾರ ಕೊರೆದಿದ್ದಾರೆ. ಹಿಂದುಗಡೆ ದೀಪವನ್ನಿಟ್ಟರೆ ಕತ್ತಲ ಗುಡಿಯಲ್ಲಿ ದೇವನ ಶಿರಸ್ಸಿನಿಂದಲೇ ರಶ್ಮಿಗಳು ಹೊರಟಂತೆ ತೋರುವ ಯುಕ್ತಿಯಿದು. ಮೂಲಪೀಠಗಳು ಈಗ ನ್ಯೂಕಾಸಲ್ ನಗರದ ವಸ್ತುಸಂಗ್ರಹಾಲಯದಲ್ಲಿವೆ. ಸ್ಥಳದಲ್ಲಿ ನಿಂತಿರುವುವು ಪ್ರತಿಕೃತಿಗಳು.

ವೇದದ ಮಿತ್ರ, ಅವೆಸ್ತಾದ ಮಿಥ್ರ ಇವರ ಹೆಸರಿನ ಬಂಧುವಾದರೂ, ರೋಮನರ ಈ ದೇವತೆಯ ಆರಾಧನೆಯು ಎಷ್ಟರಮಟ್ಟಿಗೆ ಪಾರಸಿಕ, ಎಷ್ಟರಮಟ್ಟಿಗೆ ರೋಮನರದೇ ಸೃಷ್ಟಿ ಎಂಬ ಚರ್ಚೆಯು ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಅದರ ಧರ್ಮಗ್ರಂಥವೊಂದೂ ಉಳಿದು ಬಂದಿಲ್ಲವಾಗಿ, ಯೂಫ್ರೆಟಿಸ್ ತೀರದ ದುರಾ ಯುರೋಪೋಸ್, ಡಾನ್ಯೂಬ್ ದಡದ ಕಾರ್ನುಂಟುಮ್, ರೋಮಿನ ರೇವುಪಟ್ಟಣವಾದ ಓಸ್ಟಿಯಾ, 1954ರಲ್ಲಿ ಲಂಡನ್ನಿನ ನಡುಪೇಟೆಯಲ್ಲಿ ಅಗೆದು ತೆಗೆದ ವಾಲ್‌ಬ್ರೂಕ್, ಇವುಗಳ ಕಲ್ಲುಗಳನ್ನೇ ನಾವು ಗ್ರಂಥವೆಂದು ಓದಬೇಕಾಗಿದೆ. ಎಲ್ಲೆಡೆಯೂ ಹೆಚ್ಚುಕಡಮೆ ಅದೇ ವಿನ್ಯಾಸ, ಅದೇ ಕಿರಿದಾದ ಅಳತೆ. ಓಸ್ಟಿಯಾದ ಒಂದು ಗುಡಿಯ ನೆಲದಲ್ಲಿ ದೀಕ್ಷೆಯ ಏಳು ಮೆಟ್ಟಲುಗಳ ಚಿಹ್ನೆಗಳೂ ಚಿತ್ರಿತವಾಗಿವೆ. ಸ್ತ್ರೀಯರು ದೀಕ್ಷೆ ಪಡೆದುದಕ್ಕೆ ಖಚಿತವಾದ ಸಾಕ್ಷ್ಯವಿಲ್ಲ. ಸೈನಿಕರು, ಅಧಿಕಾರಿಗಳು, ವರ್ತಕರು ಮುಂತಾದ ಕೆಲವೇ ಮಂದಿ ಒಟ್ಟಿಗೆ ಕುಳಿತು ಉಣ್ಣುವ ಗೋಷ್ಠಿಯಾಗಿದ್ದುದರಿಂದಲೇ, ಪಡೆಯೊಂದು ಹೋದಲ್ಲೆಲ್ಲ ಈ ಮತವೂ ಸುಲಭವಾಗಿ ಹೋಗಿ ನೆಲಸಬಲ್ಲುದಾಗಿತ್ತು.

ಅದರ ಬಲವೇ ಅದರ ಮಿತಿಯೂ ಆಗಿತ್ತೆಂಬುದನ್ನು ಕ್ಯಾರಾಬ್ರಫ್ ತಾನೇ ಹೇಳುತ್ತದೆ. ನಾಲ್ಕನೆಯ ಶತಮಾನದ ಆದಿಭಾಗದಲ್ಲಿ ಆಲಯವು ಹಾಳಾಗಿ, ವೃಷಭವಧೆಯ ಮುಖ್ಯಶಿಲ್ಪವು ಒಡೆದುಹೋಗಿ, ಸ್ಥಳವು ಕಸದ ತಿಪ್ಪೆಯಾಯಿತು. ಕೂಗಳತೆಯಲ್ಲೇ ಇದ್ದ ಕೊವೆಂಟಿನಾ ಎಂಬ ಜಲದೇವತೆಯ ಬುಗ್ಗೆಗಾದರೋ, ಗಂಡಸರು ಹೆಂಗಸರೆನ್ನದೆ ಜನರು ಹರಕೆ ಒಪ್ಪಿಸುತ್ತಿದ್ದರು. 1876ರಲ್ಲಿ ಜಾನ್ ಕ್ಲೇಟನ್ ಅದನ್ನು ಅಗೆಸಿದಾಗ ದೊರೆತ 13,000ಕ್ಕೂ ಮಿಕ್ಕ ನಾಣ್ಯಗಳಲ್ಲಿ ನಾಲ್ಕನೆಯ ಶತಮಾನದ ಉತ್ತರಾರ್ಧದವೂ ಇದ್ದುವು. ದಳಪತಿಗಳ ಆಶ್ರಯದಲ್ಲಿ ಬಾಗಿಲು ಮುಚ್ಚಿಕೊಂಡು ಬಾಳಿದ ದೇವನಿಗಿಂತ, ಬಾಗಿಲೇ ಬೇಕಿಲ್ಲದ ನೀರಿನ ದೇವತೆಗೆ ಭಕ್ತರು ಹೆಚ್ಚು ಕಾಲ ಉಳಿದರು.