ಹಳೆಯ ಡಿಜಿಟಲ್ ಕ್ಯಾಮೆರಾ: ಹಲ್ಲು ಎಣಿಸಿದರೆ ಸಾಲದು, ನಡೆಸಿಯೂ ನೋಡಬೇಕು

ಮಾಗಡಿ ತಾಲ್ಲೂಕಿನ ಕುದೂರು, ಭೈರವನದುರ್ಗದ ಬೆಟ್ಟಕ್ಕೆ ಹೊಂದಿಕೊಂಡಿರುವ ಹೋಬಳಿ ಕೇಂದ್ರ. ಇಂಥ ಊರಿನ ತರುಣನೊಬ್ಬ ಮದುವೆ, ನಾಮಕರಣ, ಗೃಹಪ್ರವೇಶಗಳ ಛಾಯಾಗ್ರಹಣವನ್ನು ಕಸುಬಾಗಿಸಿಕೊಳ್ಳಲು ಹೊರಟರೆ, ಕೂಡಿಟ್ಟ ಹಣಕ್ಕೆ ಒಂದಿಷ್ಟು ಕೈಸಾಲ ಸೇರಿಸಿ ಬೆಂಗಳೂರಿನಲ್ಲಿ ಯಾರೋ ಬಳಸಿದ ಕ್ಯಾಮೆರಾ ಕೊಳ್ಳುವುದೇ ಅವನಿಗೆ ಎಟಕುವ ದಾರಿ. 2018ರಲ್ಲಿ ಕ್ಯಾನನ್ ಮತ್ತು ನಿಕಾನ್ ಸಂಸ್ಥೆಗಳು ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾಗಳನ್ನು ಹೊರತಂದ ಬಳಿಕ ವೃತ್ತಿನಿರತರು ಅತ್ತ ಹೊರಳತೊಡಗಿದರು. ಅವರ ಕೈಯಲ್ಲಿ ದುಡಿದ ಡಿಎಸ್‌ಎಲ್‌ಆರ್‌ಗಳು ಮಾರಾಟಕ್ಕೆ ಬಂದವು.

ಕಡಿಮೆ ಬೆಲೆಗೆ ಒಳ್ಳೆಯ ಯಂತ್ರ ದೊರೆಯುವುದು ಸಂತೋಷದ ಸಂಗತಿಯೇ. ಆದರೆ ಮಾಂಗಲ್ಯಧಾರಣೆ ಎರಡನೆಯ ಸಲ ನಡೆಯುವುದಿಲ್ಲ. ಆ ಕ್ಷಣದಲ್ಲಿ ಕ್ಯಾಮೆರಾ ಕೈಕೊಟ್ಟರೆ ಹೋಗುವುದು ಒಂದು ದಿನದ ಸಂಪಾದನೆ ಮಾತ್ರವಲ್ಲ, ಊರಿನಲ್ಲಿ ಗಳಿಸಬೇಕಾಗಿದ್ದ ಹೆಸರೂ ಹೋಗುತ್ತದೆ.

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಅಷ್ಟಕ್ಕೇ ತೃಪ್ತನಾಗದೆ ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಹಳೆಯ ಕ್ಯಾಮೆರಾ ಕೊಳ್ಳುವವರಿಗೂ ಇದೇ ಕ್ರಮ ಒಪ್ಪುತ್ತದೆ.

ಷಟರ್ ಎಣಿಕೆ ಏನು ಹೇಳುತ್ತದೆ?

ಸೆನ್ಸರ್‌ನ ಮುಂದೆ ಕ್ಷಣಮಾತ್ರ ತೆರೆದು ಮುಚ್ಚುವ ತೆಳುವಾದ ಪರದೆಯೇ ಷಟರ್. ಪ್ರತಿ ಚಿತ್ರಕ್ಕೂ ಚಲಿಸುವ ಈ ಭಾಗ ಕಾಲಕ್ರಮದಲ್ಲಿ ಸವೆಯುತ್ತದೆ. ಅದು ಎಷ್ಟು ಬಾರಿ ತೆರೆಯುವಂತೆ ಪರೀಕ್ಷಿಸಲ್ಪಟ್ಟಿದೆ ಎಂಬುದನ್ನು ಹಲವು ಮಾದರಿಗಳಲ್ಲಿ ತಯಾರಕರೇ ತಿಳಿಸುತ್ತಾರೆ. ಕ್ಯಾನನ್ 5ಡಿ ಮಾರ್ಕ್ 3 ಮತ್ತು ನಿಕಾನ್ ಡಿ750 ಮಾದರಿಗಳಿಗೆ ಈ ಸಂಖ್ಯೆ 1,50,000. ನಿಕಾನ್ ಡಿ850ಕ್ಕೆ 2,00,000.

ಒಂದು ಮದುವೆಗೆ 2,000 ಚಿತ್ರಗಳೆಂದು ಹಿಡಿದರೆ 1,50,000ದ ಷಟರ್ 75 ಮದುವೆಗಳಿಗೆ ಸಮ. ಈಗಾಗಲೇ 1,20,000 ಚಿತ್ರ ತೆಗೆದಿರುವ ಕ್ಯಾಮೆರಾದಲ್ಲಿ ಲೆಕ್ಕಕ್ಕೆ ಉಳಿಯುವುದು 15 ಮದುವೆ ಮಾತ್ರ. ಈ ಮಿತಿ ದಾಟಿದೊಡನೆ ಷಟರ್ ನಿಂತೇಬಿಡುತ್ತದೆ ಎಂದೇನೂ ಅಲ್ಲ. ಮಿತಿಗೆ ಮೊದಲೇ ಕೆಡಲೂಬಹುದು. ಆದರೆ ಷಟರ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಚೌಕಾಸಿ ಮಾಡಲು ಈ ಲೆಕ್ಕ ಆಧಾರವಾಗುತ್ತದೆ.

ನಿಕಾನ್ ಡಿಎಸ್‌ಎಲ್‌ಆರ್‌ಗಳು ಈ ಎಣಿಕೆಯನ್ನು ಚಿತ್ರದ ಕಡತದಲ್ಲಿಯೇ ದಾಖಲಿಸುತ್ತವೆ. ಆಗತಾನೆ ತೆಗೆದ, ತಿದ್ದುಪಡಿ ಮಾಡದ ಚಿತ್ರವನ್ನು ಪಡೆದು ಕಂಪ್ಯೂಟರ್‌ನಲ್ಲಿ ನೋಡಬೇಕು. ಕ್ಯಾನನ್‌ನ ಬಹುತೇಕ ಮಾದರಿಗಳಲ್ಲಿ ಕ್ಯಾಮೆರಾವನ್ನೇ ಕಂಪ್ಯೂಟರ್‌ಗೆ ಜೋಡಿಸಿ ತಂತ್ರಾಂಶದ ಮೂಲಕ ಓದಬೇಕಾಗುತ್ತದೆ. ಷಟರ್ ಬದಲಿಸಿದ್ದೇವೆ ಎಂದು ಮಾರುವವರು ಹೇಳಿದರೆ ಸೇವಾ ಕೇಂದ್ರದ ರಸೀದಿ ಕೇಳುವುದು ಕ್ಷೇಮ.

ಎಣಿಕೆ ಹೇಳದ ಮಾತು

ಎಣಿಕೆಯನ್ನೇ ನಂಬಿ ಕೂರುವುದು ಅಪಾಯ. ಡಿಎಸ್‌ಎಲ್‌ಆರ್‌ನಲ್ಲಿ ವಿಡಿಯೊ ತೆಗೆಯುವಾಗ ಪರದೆ ತೆರೆದೇ ಇರುತ್ತದೆ. ಗಂಟೆಗಟ್ಟಲೆ ಚಿತ್ರೀಕರಿಸಿದರೂ ಎಣಿಕೆ ಅದಕ್ಕೆ ತಕ್ಕಂತೆ ಏರದು; ಸೆನ್ಸರ್ ಮಾತ್ರ ಕಾಯುತ್ತಲೇ ಇರುತ್ತದೆ. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಎಲೆಕ್ಟ್ರಾನಿಕ್ ಷಟರ್ ಬಳಸಿದರೆ ಪರದೆಗೆ ಸವೆತವೇ ಇಲ್ಲ. ಇನ್ನೊಂದೆಡೆ, ಐದು ಸಾವಿರ ಚಿತ್ರವನ್ನೂ ತೆಗೆಯದೆ ತೇವದ ಬೀರುವಿನಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟ ಕ್ಯಾಮೆರಾದ ಮಸೂರಕ್ಕೆ ಬೂಷ್ಟು ಹಿಡಿದಿರಬಹುದು.

ಮಾದರಿಯ ಚರಿತ್ರೆಯನ್ನೂ ತಿಳಿದಿರಬೇಕು. 2012ರಲ್ಲಿ ಬಂದ ನಿಕಾನ್ ಡಿ600ರ ಚಿತ್ರಗಳಲ್ಲಿ ಕಲೆಗಳು ಕಾಣಿಸಿಕೊಳ್ಳುತ್ತಿದ್ದವು. ಸಂಸ್ಥೆ 2014ರಲ್ಲಿ, ವಾರಂಟಿ ಮುಗಿದಿದ್ದ ಕ್ಯಾಮೆರಾಗಳಿಗೂ ಉಚಿತವಾಗಿ ಷಟರ್ ಬದಲಿಸಿಕೊಡುವುದಾಗಿ ಪ್ರಕಟಿಸಿತು. ಈ ಮಾದರಿ ಕೊಳ್ಳುವವರು ಆ ದುರಸ್ತಿ ಆಗಿದೆಯೇ ಎಂದು ವಿಚಾರಿಸಲೇಬೇಕು.

ಅರ್ಧ ಗಂಟೆಯ ಪರೀಕ್ಷೆ

ಪರೀಕ್ಷೆಗೆ ಹಗಲು ಹೊತ್ತೇ ಸೂಕ್ತ. ಸ್ವಂತ ಮೆಮೊರಿ ಕಾರ್ಡ್, ಒಂದು ಟಾರ್ಚ್, ಸಾಧ್ಯವಾದರೆ ಲ್ಯಾಪ್‌ಟಾಪ್ ಜೊತೆಗಿರಲಿ.

ಮೊದಲು ಹೊರಮೈ. ರಬ್ಬರ್ ಹಿಡಿಕೆ ನುಣುಪಾಗಿರುವುದು ದುಡಿಮೆಯ ಗುರುತು, ಅದು ದೋಷವಲ್ಲ. ಸ್ಕ್ರೂಗಳ ತಲೆ ಗೀಚಿಹೋಗಿದ್ದರೆ ಯಾರೋ ಬಿಚ್ಚಿದ್ದಾರೆ ಎಂದರ್ಥ. ಲೆನ್ಸ್‌ನ ಮುಂಭಾಗದ ಬಳೆ ತಗ್ಗಿದ್ದರೆ ಅದು ಬಿದ್ದಿರುವ ಸಾಧ್ಯತೆ ಹೆಚ್ಚು. ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡ್ ಬಳಸುವ ಹಳೆಯ ಮಾದರಿಗಳಲ್ಲಿ ಕಾರ್ಡ್ ಕೂರುವ ಜಾಗದ ಸೂಜಿಯಂಥ ಕಡ್ಡಿಗಳು ಬಾಗಿವೆಯೇ ಎಂದು ಟಾರ್ಚ್ ಬಿಟ್ಟು ನೋಡಬೇಕು.

ಷಟರ್ ಪರೀಕ್ಷೆಗೆ ಬಿಸಿಲು ಬಿದ್ದ ಬಿಳಿ ಗೋಡೆಯನ್ನು ಅತಿ ಹೆಚ್ಚಿನ ವೇಗದಲ್ಲಿ ಹತ್ತಾರು ಬಾರಿ ತೆಗೆಯಿರಿ. ಚಿತ್ರದ ಒಂದು ಅಂಚು ಕಪ್ಪಾಗಿದ್ದರೆ ಪರದೆಗಳು ಸಮನಾಗಿ ಓಡುತ್ತಿಲ್ಲ. ಟ್ಯೂಬ್‌ಲೈಟ್ ಅಥವಾ ಎಲ್‌ಇಡಿ ದೀಪದಡಿ ಈ ಪರೀಕ್ಷೆ ಮಾಡಬಾರದು. ದೀಪದ ಮಿಣುಕೇ ಪಟ್ಟೆಯಾಗಿ ಮೂಡಿ ದಾರಿ ತಪ್ಪಿಸೀತು.

ಸೆನ್ಸರ್ ಪರೀಕ್ಷೆಗೆ ಅಪರ್ಚರನ್ನು ಎಫ್/16ಕ್ಕೆ ಇಳಿಸಿ, ಫೋಕಸ್ ತಪ್ಪಿಸಿ, ಬರಿಯ ಆಕಾಶದ ಚಿತ್ರ ತೆಗೆಯಿರಿ. ಮಸುಕಾದ ಚುಕ್ಕೆಗಳು ಧೂಳಿನವು, ಅವನ್ನು ಶುಚಿಗೊಳಿಸಬಹುದು. ಗೀರಿದ್ದರೆ ಅದು ಶುಚಿಗೊಳಿಸಿದರೂ ಹೋಗದು. ಬಳಿಕ ಲೆನ್ಸ್ ಮುಚ್ಚಳ ಹಾಕಿ ಕೆಲವು ಸೆಕೆಂಡುಗಳ ಚಿತ್ರ ತೆಗೆಯಿರಿ. ಕಪ್ಪಿನ ನಡುವೆ ಒಂದೆರಡು ಬಣ್ಣದ ಚುಕ್ಕೆ ಕಂಡರೆ ಗಾಬರಿ ಬೇಡ. ರಾಶಿ ರಾಶಿ ಕಂಡರೆ ಆ ಕ್ಯಾಮೆರಾ ಬೇಡ.

ಲೆನ್ಸ್‌ನ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಒಳಗಿನ ಒಂದೆರಡು ಧೂಳಿನ ಕಣ ಚಿತ್ರಕ್ಕೆ ಬಾಧಕವಲ್ಲ. ಜೇಡರ ಬಲೆಯಂಥ ಎಳೆಗಳು ಬೂಷ್ಟು. ಅದು ಗಾಜಿನ ಲೇಪನವನ್ನೇ ತಿನ್ನುತ್ತದೆ. ಮಲೆನಾಡು, ಕರಾವಳಿಯಿಂದ ಬಂದ ಲೆನ್ಸ್‌ಗಳಲ್ಲಿ ಈ ಬಗ್ಗೆ ಹೆಚ್ಚಿನ ಎಚ್ಚರ ಅಗತ್ಯ.

ಬ್ಯಾಟರಿಯ ಸ್ಥಿತಿಯನ್ನು ಹಲವು ಕ್ಯಾಮೆರಾಗಳು ತಾವೇ ತಿಳಿಸುತ್ತವೆ. ನಿಕಾನ್ ಡಿ750ರ ಮೆನುವಿನಲ್ಲಿ ಬ್ಯಾಟರಿಯ ವಯಸ್ಸು 0ಯಿಂದ 4ರವರೆಗಿನ ಅಂಕಿಯಲ್ಲಿರುತ್ತದೆ. 0 ಎಂದರೆ ಹೊಸದು, 4 ಎಂದರೆ ಬದಲಿಸುವ ಕಾಲ. ಕೊನೆಯಲ್ಲಿ ಹತ್ತು ನಿಮಿಷ ವಿಡಿಯೊ ತೆಗೆದು, ಫ್ಲಾಶ್ ಜೋಡಿಸಿ, ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿ.

ಬಿಲ್ ಇಲ್ಲದಿದ್ದರೆ?

ಮೂಲ ಬಿಲ್ಲಿನಲ್ಲಿರುವ ಕ್ರಮಸಂಖ್ಯೆ ಕ್ಯಾಮೆರಾದ ಮೈಮೇಲಿನ ಸಂಖ್ಯೆಗೆ ತಾಳೆಯಾಗಬೇಕು. ಕಳವಿನ ಮಾಲೆಂದು ತಿಳಿದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ದುರುದ್ದೇಶದಿಂದ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ಮೂರು ವರ್ಷಗಳವರೆಗೆ ಸಜೆಯಾಗಬಹುದು. ಬಿಲ್ ಕಳೆದುಹೋಗಿದೆ ಎನ್ನುವವರಿಂದ ಗುರುತಿನ ಚೀಟಿಯ ಪ್ರತಿಯೊಡನೆ ಕ್ರಮಸಂಖ್ಯೆ ನಮೂದಿಸಿದ ಬರಹವನ್ನಾದರೂ ಪಡೆಯಬೇಕು. ಅದಕ್ಕೂ ಹಿಂಜರಿದರೆ ಬೆಲೆ ಎಷ್ಟೇ ಅಗ್ಗವಿರಲಿ, ಬಿಟ್ಟು ಬರುವುದು ಲೇಸು.

ಈ ಮಾತು ಮಾರುವ ನಗರವಾಸಿಗಳಿಗೂ ಅನ್ವಯಿಸುತ್ತದೆ. ಬಿದ್ದದ್ದು, ನೆನೆದದ್ದು, ದುರಸ್ತಿಯಾದದ್ದು ಏನಿದ್ದರೂ ಮೊದಲೇ ಹೇಳಿಬಿಟ್ಟರೆ ಬೆಲೆ ಒಂದೆರಡು ಸಾವಿರ ಇಳಿಯಬಹುದು. ನಿಮಗೆ ಅದು ಮೂಲೆ ಸೇರಿದ ಹಳೆಯ ವಸ್ತು. ಕುದೂರಿನ ಬಸ್ಸು ಹತ್ತುವ ತರುಣನಿಗೆ ಅದೇ ಹೊಟ್ಟೆಪಾಡು.